ಕೈತುಂಬ ಸಂಬಳ, ಕೆಡುತ್ತಿರುವ ಆರೋಗ್ಯ: ಕೆಲಸ ಬಿಡಬೇಕೇ, ಉಳಿಯಬೇಕೇ?

ಮಧ್ಯಾಹ್ನ ಊಟವಾದ ಮೇಲೆ ಎದೆಯುರಿ. ಭಾನುವಾರ ಸಂಜೆಯಾದರೆ ತಲೆನೋವು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಇಸಿಜಿ ಸರಿಯಾಗಿದೆ, ಎಂಡೋಸ್ಕೋಪಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಕಂಡಿಲ್ಲ. ಗ್ಯಾಸ್‌ನ ಮಾತ್ರೆ ನುಂಗಿ ನುಂಗಿ ಬೇಸತ್ತವರು ಕೊನೆಗೆ ಯುನಾನಿ ನೋಡೋಣವೆಂದು ಬರುತ್ತಾರೆ. ನಾಡಿ ನೋಡಿ, ಬಿಪಿ ನೋಡಿ, ಊಟ ನಿದ್ದೆಯ ವಿಚಾರ ಕೇಳಿದ ಮೇಲೆ ನಾನು ಕೇಳುವ ಪ್ರಶ್ನೆ: "ರಜೆಯಲ್ಲಿ ಊರಿಗೆ ಹೋದಾಗ ಹೇಗಿರುತ್ತದೆ?" ಇಂಥವರಲ್ಲಿ ಹೆಚ್ಚಿನವರ ಉತ್ತರ ಒಂದೇ ಬಗೆಯದು: "ಊರಲ್ಲಿ ಏನೂ ಇರುವುದಿಲ್ಲ ಡಾಕ್ಟ್ರೇ. ವಾಪಸ್ ಬರುವ ಬಸ್ಸು ಹತ್ತಿದ ಕೂಡಲೇ ಶುರುವಾಗುತ್ತದೆ."

ಇವರು ಬಡತನದಿಂದ ಬಳಲುವವರಲ್ಲ. ಒಳ್ಳೆಯ ಕಂಪೆನಿ, ಒಳ್ಳೆಯ ಸಂಬಳ, ಕಂಪೆನಿಯದೇ ವಿಮೆ, ಕೆಲವರಿಗೆ ಕ್ಯಾಬ್ ಕೂಡ ಇರುತ್ತದೆ. ಊರಿನಲ್ಲಿ ಇವರ ಹೆಸರು ಹೇಳಿ ಇತರ ಮಕ್ಕಳಿಗೆ ಬುದ್ಧಿ ಹೇಳಲಾಗುತ್ತದೆ. ಹಾಗಾಗಿಯೇ "ಆ ಕೆಲಸ ನನ್ನಿಂದಾಗುತ್ತಿಲ್ಲ" ಎಂದು ಹೇಳುವುದು ಇವರಿಗೆ ಕಷ್ಟ. ಹೇಳಿದರೆ ಮನೆಯಿಂದ ಬರುವ ಉತ್ತರವೂ ಗೊತ್ತು: "ಇಂಥ ಕೆಲಸ ಯಾರಾದರೂ ಬಿಡುತ್ತಾರಾ?"

ಈ ಪ್ರಶ್ನೆಗೆ ವೈದ್ಯರಾಗಿ ಏನು ಹೇಳಬಹುದು ಎಂಬುದೇ ಈ ಲೇಖನದ ವಿಷಯ.

ದುಡಿಮೆ ಬೇರೆ, ಹಿಂಸೆ ಬೇರೆ

ಮೊದಲು ಒಂದು ಗೊಂದಲ ತೆಗೆಯೋಣ. ಕಷ್ಟದ ಕೆಲಸವೆಲ್ಲ ಕೆಟ್ಟ ಕೆಲಸವಲ್ಲ. ಹಬ್ಬದ ಹಿಂದಿನ ವಾರ ದರ್ಜಿ ರಾತ್ರಿಯಿಡೀ ಹೊಲಿಯುತ್ತಾನೆ, ಪರೀಕ್ಷೆಯ ದಿನಗಳಲ್ಲಿ ಶಿಕ್ಷಕಿಗೆ ಬಿಡುವಿರುವುದಿಲ್ಲ. ಆ ಆಯಾಸ ಎರಡು ದಿನದ ನಿದ್ದೆಯಿಂದ ಇಳಿಯುತ್ತದೆ. ಕೆಲಸ ಮುಗಿಸಿದ ತೃಪ್ತಿಯೂ ಇರುತ್ತದೆ.

ಕೆಟ್ಟ ವಾತಾವರಣದ ಲಕ್ಷಣಗಳು ಬೇರೆ. ಎಲ್ಲರೆದುರು ಅವಮಾನಿಸುವುದು, ಕೂಗಾಡುವುದು. ಯಾರಿಂದಲೂ ಮುಟ್ಟಲಾಗದ ಗುರಿ ಕೊಟ್ಟು ಮುಟ್ಟಲಿಲ್ಲವೆಂದು ದೂರುವುದು. ರಾತ್ರಿ ಹನ್ನೊಂದಕ್ಕೆ ಸಂದೇಶ ಕಳಿಸಿ ಬೆಳಿಗ್ಗೆ "ನೋಡಲಿಲ್ಲವೇ" ಎಂದು ಕೇಳುವುದು. ರಜೆ ಕೇಳಿದವರನ್ನು ಅಪರಾಧಿಯಂತೆ ನೋಡುವುದು. ಒಬ್ಬರ ಕೆಲಸದ ಹೆಸರನ್ನು ಇನ್ನೊಬ್ಬರು ಪಡೆಯುವುದು. ಹೆಣ್ಣುಮಕ್ಕಳ ಬಗ್ಗೆ, ಉಡುಗೆಯ ಬಗ್ಗೆ, ಧರ್ಮ ಜಾತಿ ಭಾಷೆಯ ಬಗ್ಗೆ ಚುಚ್ಚುಮಾತು. ಸುಳ್ಳು ಲೆಕ್ಕ ಬರೆಯಲು, ಗಿರಾಕಿಗೆ ಸುಳ್ಳು ಹೇಳಲು ಒತ್ತಾಯ. ಇವುಗಳಲ್ಲಿ ಒಂದು ಅಪರೂಪಕ್ಕೆ ನಡೆದರೆ ಅದು ಒಬ್ಬ ಮನುಷ್ಯನ ಕೆಟ್ಟ ದಿನ. ಹಲವು ಸೇರಿ ದಿನವೂ ನಡೆಯುತ್ತಿದ್ದರೆ, ಮೇಲಿನವರಿಗೆ ಗೊತ್ತಿದ್ದೂ ಸುಮ್ಮನಿದ್ದರೆ, ಅದು ಆ ಜಾಗದ ಸಂಸ್ಕೃತಿ.

ದೇಹ ಇದಕ್ಕೆ ಏಕೆ ಸೋಲುತ್ತದೆ?

ಅಪಾಯ ಕಂಡಾಗ ದೇಹ ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಸುರಿಸುತ್ತದೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಸಕ್ಕರೆ ರಕ್ತಕ್ಕೆ ಇಳಿಯುತ್ತದೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದು ಜೀವ ಉಳಿಸುವ ವ್ಯವಸ್ಥೆ. ಓಡಿ ಪಾರಾದ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆ. ಆದರೆ ಅಪಾಯ ಪಕ್ಕದ ಕ್ಯಾಬಿನ್‌ನಲ್ಲೇ ಕೂತಿದ್ದರೆ, ಕಿಸೆಯ ಮೊಬೈಲಿನಲ್ಲೇ ಇದ್ದರೆ, ದೇಹಕ್ಕೆ ಪಾರಾದೆ ಎನ್ನಿಸುವ ಗಳಿಗೆ ಬರುವುದೇ ಇಲ್ಲ. ತಿಂಗಳುಗಟ್ಟಲೆ ಹೀಗಿದ್ದರೆ ನಿದ್ದೆ ಒಡೆಯುತ್ತದೆ, ಬಿಪಿ ಏರುತ್ತದೆ, ಹೊಟ್ಟೆ ಕೆಡುತ್ತದೆ, ಮುಟ್ಟಿನ ಕ್ರಮ ತಪ್ಪುತ್ತದೆ. ಸಕ್ಕರೆ ಕಾಯಿಲೆ ಮೊದಲೇ ಇದ್ದವರಲ್ಲಿ ಅದು ಹತೋಟಿ ಮೀರುತ್ತದೆ. ಜೊತೆಗೆ ಚಹಾ, ಸಿಗರೇಟು, ತಡರಾತ್ರಿಯ ಬಿರಿಯಾನಿ ಸೇರಿಕೊಂಡರೆ ಹೇಳುವುದೇ ಬೇಡ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಪ್ರಕಟಿಸಿದ ಅಂದಾಜು ಗಮನಾರ್ಹ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 7.45 ಲಕ್ಷ ಸಾವುಗಳಿಗೆ ದೀರ್ಘ ದುಡಿಮೆಯ ನಂಟಿತ್ತು ಎಂದು ಆ ಅಂದಾಜು ಹೇಳುತ್ತದೆ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಸಾಮಾನ್ಯ ದುಡಿಮೆಗೆ ಹಾಕಿರುವ ಗಡಿ ದಿನಕ್ಕೆ 9, ವಾರಕ್ಕೆ 48 ಗಂಟೆ.

ಗಂಟೆಗಳಷ್ಟೇ ಲೆಕ್ಕವಲ್ಲ. ಬ್ರಿಟನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಗಮನಿಸಿದ ವೈಟ್‌ಹಾಲ್ ಅಧ್ಯಯನಗಳು ಪ್ರಸಿದ್ಧ. 1985ರಲ್ಲಿ ಶುರುವಾದ ಎರಡನೆಯದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ತನ್ನ ಕೆಲಸವನ್ನು ಹೇಗೆ, ಯಾವಾಗ ಮಾಡಬೇಕೆಂಬುದರಲ್ಲಿ ಏನೂ ಹಿಡಿತವಿಲ್ಲದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡುಬಂತು. ಇವರಾರೂ ಹಸಿದವರಲ್ಲ, ಎಲ್ಲರಿಗೂ ಖಾಯಂ ನೌಕರಿ ಇತ್ತು. ಹೊಟ್ಟೆ ತುಂಬಿದ್ದರೆ ಸಾಲದು, ಮಾತಿಗೆ ಬೆಲೆಯೂ ಇರಬೇಕು ಎಂಬುದಕ್ಕೆ ಇದು ಸಾಕ್ಷಿ.

ಇನ್ನು ಇತ್ತೀಚೆಗೆ ಎಲ್ಲರ ಬಾಯಲ್ಲಿರುವ 'ಬರ್ನ್‌ಔಟ್'. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಬರ್ನ್‌ಔಟನ್ನು ಕಾಯಿಲೆ ಎಂದು ಕರೆದಿಲ್ಲ, ನಿಭಾಯಿಸಲಾಗದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದಿದೆ. ಮೂರು ಗುರುತು ಹೇಳಿದೆ: ಶಕ್ತಿಯೆಲ್ಲ ಬತ್ತಿಹೋದ ಭಾವ, ಕೆಲಸದ ಬಗ್ಗೆ ಜಿಗುಪ್ಸೆ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಅನಿಸಿಕೆ. ಈ ವಿವರಣೆಯಿಂದ ನಮಗಿರುವ ಲಾಭವೇನೆಂದರೆ, ದೋಷವನ್ನು ನೌಕರನ ದೌರ್ಬಲ್ಯದಲ್ಲಿ ಮಾತ್ರ ಹುಡುಕಬಾರದು, ಕೆಲಸದ ಜಾಗದಲ್ಲೂ ಹುಡುಕಬೇಕು ಎಂಬುದು ಸ್ಪಷ್ಟವಾಯಿತು.

ಯುನಾನಿಯ ಆರು ಅಳತೆಗೋಲು

ನಮ್ಮ ಯುನಾನಿ ಪದ್ಧತಿಯಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳನ್ನು ಹೇಳಲಾಗಿದೆ. 'ಅಸ್ಬಾಬೆ ಸಿತ್ತಾ ಝರೂರಿಯ್ಯಾ' ಎಂದು ಅದರ ಹೆಸರು. ಇಬ್ನು ಸೀನಾರ 'ಅಲ್ ಕಾನೂನ್' ಓದುವ ಪ್ರತಿ ವಿದ್ಯಾರ್ಥಿಯೂ ಇದನ್ನು ಕಲಿಯುತ್ತಾನೆ. ನಿಮ್ಮ ಕೆಲಸದ ಜಾಗವನ್ನು ಈ ಆರರಿಂದ ಅಳೆದು ನೋಡಿ.

ಒಂದು, ಗಾಳಿ. ಕೂತಲ್ಲಿ ಗಾಳಿ ಬೆಳಕು ಇದೆಯೇ? ದಿನವಿಡೀ ಎಸಿ ಗಾಳಿಯಲ್ಲಿ, ಅಥವಾ ಹೊಗೆ ಧೂಳಿನಲ್ಲಿ ಕಳೆಯುತ್ತೀರಾ?

ಎರಡು, ಅನ್ನ ನೀರು. ಊಟದ ಹೊತ್ತಿಗೆ ಊಟ ಸಿಗುತ್ತದೆಯೇ? ಊಟದ ಬಿಡುವಿನಲ್ಲೂ ಫೋನು ಎತ್ತಬೇಕೇ? ಹೊಟ್ಟೆಯ ಅರ್ಧ ಕಾಯಿಲೆ ಹೊತ್ತು ತಪ್ಪಿದ, ಅವಸರದ, ಆತಂಕದ ಊಟದಿಂದಲೇ ಬರುತ್ತದೆ.

ಮೂರು, ದೇಹದ ಚಲನೆ ಮತ್ತು ವಿಶ್ರಾಂತಿ. ಎಂಟು ಗಂಟೆ ಕೂತೇ ಇರುವುದೂ ತೊಂದರೆ, ಹತ್ತು ಗಂಟೆ ನಿಂತೇ ಇರುವುದೂ ತೊಂದರೆ. ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳಿಗೆ ಕೂರುವ ಹಕ್ಕು ಕೊಡಲು ಕೇರಳ 2018ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು.

ನಾಲ್ಕು, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ. ಸಿಟ್ಟು, ಭಯ, ದುಃಖ, ಅವಮಾನ ಇವೆಲ್ಲ ಮನಸ್ಸಿನ ಚಲನೆಗಳು. ಇವು ಬಂದು ಹೋಗಬೇಕು. ಬಂದು ಅಲ್ಲೇ ನೆಲೆಸಿದರೆ ಮಿಜಾಜ್ ಕೆಡುತ್ತದೆ. ಹತ್ತನೇ ಶತಮಾನದ ಆರಂಭದಲ್ಲಿದ್ದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ದೇಹದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯ ಎರಡನ್ನೂ ಒಂದೇ ಗ್ರಂಥದಲ್ಲಿಟ್ಟು ಬರೆದರು. ಸಿಟ್ಟು, ಭಯ, ದುಃಖ, ಬಿಡದೆ ಕಾಡುವ ಯೋಚನೆ ಇವುಗಳಿಗೆ ಬೇರೆ ಬೇರೆ ಅಧ್ಯಾಯವನ್ನೇ ಕೊಟ್ಟರು. ಮನಸ್ಸಿನ ನೋವನ್ನು "ಸುಮ್ಮನೆ ಕಲ್ಪನೆ" ಎನ್ನುವವರು ಇದನ್ನು ನೆನಪಿಡಬೇಕು.

ಐದು, ನಿದ್ದೆ ಮತ್ತು ಎಚ್ಚರ. ಇಶಾ ಆದ ಮೇಲೆ ನಿಮ್ಮ ಹೊತ್ತು ನಿಮ್ಮದೇ? ಅಥವಾ ಬೇರೆ ದೇಶದ ಗಡಿಯಾರದದ್ದೇ?

ಆರು, ದೇಹದಲ್ಲಿ ಉಳಿಯಬೇಕಾದದ್ದು ಉಳಿಯುವುದು, ಹೊರಹೋಗಬೇಕಾದದ್ದು ಹೋಗುವುದು. ಶೌಚಕ್ಕೆ ಹೋಗಲೂ ಅನುಮತಿ ಕೇಳಬೇಕಾದ ಜಾಗಗಳಿವೆ. ಅಲ್ಲಿ ದುಡಿಯುವ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಆಮೇಲೆ ಮೂತ್ರದ ಸೋಂಕು, ಮಲಬದ್ಧತೆ, ಕಲ್ಲಿನ ತೊಂದರೆ ಎಂದು ಬರುತ್ತಾರೆ.

ಆರರಲ್ಲಿ ಒಂದೆರಡು ಕೆಟ್ಟಿದ್ದರೆ ಸರಿಪಡಿಸಿಕೊಂಡು ಹೋಗಬಹುದು. ನಾಲ್ಕೈದು ಕೆಟ್ಟಿದ್ದು, ಸರಿಪಡಿಸುವ ದಾರಿಯೂ ಮುಚ್ಚಿದ್ದರೆ ನಾನು ಬರೆಯುವ ಶರಬತ್ತಿಗೂ ಮಾಜೂನಿಗೂ ಹೆಚ್ಚಿನ ಬಲವಿರುವುದಿಲ್ಲ. ಕಾರಣ ತೆಗೆಯದೆ ಲಕ್ಷಣಕ್ಕೆ ಮದ್ದು ಮಾಡಿದಂತಾಗುತ್ತದೆ.

ನ್ಯಾಯಾಲಯಕ್ಕೆ ಹೋದ ಒಂದು ಪ್ರಕರಣ

ಕೆಲಸದ ಜಾಗ ಜೀವ ತೆಗೆಯಬಲ್ಲದು ಎಂಬುದು ಅತಿಶಯದ ಮಾತಲ್ಲ. ಫ್ರಾನ್ಸಿನ ದೂರವಾಣಿ ಕಂಪೆನಿ ಫ್ರಾನ್ಸ್ ಟೆಲಿಕಾಂ ಖಾಸಗಿಯಾದ ಮೇಲೆ ಸುಮಾರು 22,000 ಜನರನ್ನು ಕಡಿಮೆ ಮಾಡಬೇಕೆಂದು ಯೋಜನೆ ಹಾಕಿತು. ನೌಕರರಲ್ಲಿ ಬಹಳಷ್ಟು ಮಂದಿಗೆ ಸರ್ಕಾರಿ ನೌಕರರ ರಕ್ಷಣೆ ಇದ್ದುದರಿಂದ ಅವರನ್ನು ವಜಾ ಮಾಡುವಂತಿರಲಿಲ್ಲ. ಹಾಗಾಗಿ ಅವರಾಗಿಯೇ ಬಿಟ್ಟುಹೋಗುವಂಥ ವಾತಾವರಣ ಸೃಷ್ಟಿಸಲಾಯಿತು: ಪದೇ ಪದೇ ವರ್ಗಾವಣೆ, ಗೊತ್ತಿಲ್ಲದ ಕೆಲಸ, ಹುದ್ದೆಯಿಂದ ಇಳಿಸುವುದು, ಒಂಟಿಯಾಗಿಸುವುದು. 2000ದ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿ ಆತ್ಮಹತ್ಯೆಗಳ ಸಾಲು ಕಂಡು ದೇಶವೇ ಬೆಚ್ಚಿತು. ನ್ಯಾಯಾಲಯ ಪರಿಶೀಲಿಸಿದ 39 ಪ್ರಕರಣಗಳಲ್ಲಿ 19 ಮಂದಿ ಜೀವ ಕಳೆದುಕೊಂಡಿದ್ದರು, 12 ಮಂದಿ ಪ್ರಯತ್ನಿಸಿದ್ದರು, 8 ಮಂದಿ ಖಿನ್ನತೆಗೆ ಬಿದ್ದಿದ್ದರು ಅಥವಾ ಕೆಲಸಕ್ಕೆ ಬರಲಾಗದಂತಾಗಿದ್ದರು. 2019ರ ಡಿಸೆಂಬರಿನಲ್ಲಿ ಪ್ಯಾರಿಸ್ ನ್ಯಾಯಾಲಯ ಕಂಪೆನಿಗೂ ಅದರ ಮಾಜಿ ಮುಖ್ಯಸ್ಥ ದಿದಿಯೇ ಲೊಂಬಾರ್‌ಗೂ ಶಿಕ್ಷೆ ವಿಧಿಸಿತು. ಕಂಪೆನಿಯ ಮೇಲೆ 75,000 ಯೂರೋ ದಂಡ ಬಿತ್ತು. ಒಬ್ಬ ಮೇಲಧಿಕಾರಿ ಒಬ್ಬ ನೌಕರನಿಗೆ ಕೊಡುವ ಕಿರುಕುಳವಷ್ಟೇ ಅಲ್ಲ, ಇಡೀ ಸಂಸ್ಥೆಯ ನೀತಿಯೇ ಕಿರುಕುಳವಾಗಬಹುದು ಎಂದು ಅಲ್ಲಿನ ನ್ಯಾಯಾಂಗ ಒಪ್ಪಿತು.

ಆ 19 ಮನೆಗಳಲ್ಲಿ ಯಾರಾದರೂ "ಸಾಕು, ಬಿಟ್ಟು ಬಾ, ನೋಡಿಕೊಳ್ಳೋಣ" ಎಂದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಆದರೆ ನಮ್ಮ ಮನೆಗಳಲ್ಲಿ ಆ ಮಾತು ಸಕಾಲಕ್ಕೆ ಬರಬೇಕು.

ನನ್ನದೇ ಅನುಭವ

ಹಲವು ವರ್ಷಗಳ ಹಿಂದೆ ನಾನೊಂದು ಖಾಸಗಿ ಚಿಕಿತ್ಸಾ ಕೇಂದ್ರದಲ್ಲಿದ್ದೆ. ನನ್ನ ಜೊತೆ ಓದಿದವರಿಗೆ ಸಿಗುತ್ತಿದ್ದುದಕ್ಕಿಂತ ಸಂಬಳ ಹೆಚ್ಚು. ಆದರೆ ಪ್ರತಿ ತಿಂಗಳು ಇಷ್ಟು ಪ್ಯಾಕೇಜು ಮಾರಲೇಬೇಕೆಂಬ ಗುರಿ ಇತ್ತು. ಮೂರು ಸಲ ಹಿಜಾಮ ಸಾಕಾದವರಿಗೆ ಹತ್ತು ಸಲದ್ದು ಬರೆಯಬೇಕು. ಸೋಮವಾರದ ಮೀಟಿಂಗಿನಲ್ಲಿ ಗುರಿ ಮುಟ್ಟದವರನ್ನು ನಿಲ್ಲಿಸಿ ಎಲ್ಲರೆದುರು ಗದರಲಾಗುತ್ತಿತ್ತು. ತಾಯಿಯ ವಯಸ್ಸಿನ ನರ್ಸೊಬ್ಬರು ಹಾಗೆ ನಿಂತದ್ದನ್ನು ನೋಡಿದ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ನಾನು ಎರಡು ಸಲ ಮಾತನಾಡಿದೆ, ಒಮ್ಮೆ ಬರೆದುಕೊಟ್ಟೆ. ಉತ್ತರ ಬರಲಿಲ್ಲ. ನನ್ನ ಬಿಪಿ 150/96 ತೋರಿಸತೊಡಗಿತ್ತು.

ಬಿಡುತ್ತೇನೆಂದಾಗ ನಮ್ಮ ಮನೆಯವರು ಅಳಲಿಲ್ಲ, ಬೈಯಲಿಲ್ಲ. "ಕೈಯಲ್ಲಿರುವ ಹಣದಲ್ಲಿ ಎಷ್ಟು ತಿಂಗಳು ಮನೆ ನಡೆಯುತ್ತದೆ, ಲೆಕ್ಕ ಹಾಕಿದ್ದೀರಾ?" ಎಂದು ಕೇಳಿದರು. ಹಾಕಿದ್ದೆ. ಎಂಟು ತಿಂಗಳು. ನೋಟಿಸ್ ಅವಧಿ ಮುಗಿಸಿ, ನೋಡುತ್ತಿದ್ದ ರೋಗಿಗಳ ವಿವರವನ್ನು ಇನ್ನೊಬ್ಬ ವೈದ್ಯರಿಗೆ ಒಪ್ಪಿಸಿ ಹೊರಬಂದೆ. ಸ್ವಂತ ಕ್ಲಿನಿಕ್ಕಿನ ಮೊದಲ ವರ್ಷ ಆದಾಯ ಅರ್ಧಕ್ಕೂ ಕಡಿಮೆ. ಕಾರು ಕೊಳ್ಳುವ ಮಾತು ಬಿಟ್ಟೆವು, ಒಂದು ಮದುವೆಗೆ ಕೊಡಬೇಕೆಂದಿದ್ದಷ್ಟು ಕೊಡಲಾಗಲಿಲ್ಲ. ಬಿಪಿ ಕೆಲವು ತಿಂಗಳಲ್ಲಿ ಇಳಿಯಿತು. ಅದು ಕೆಲಸ ಬಿಟ್ಟದ್ದೊಂದರಿಂದಲೇ ಎನ್ನಲಾರೆ. ದಿನಾ ನಡೆಯತೊಡಗಿದ್ದೆ, ಉಪ್ಪು ಕಡಿಮೆ ಮಾಡಿದ್ದೆ. ಆದರೆ ನಡೆಯಲು ಹೊತ್ತು ಸಿಕ್ಕಿದ್ದು ಕೆಲಸ ಬಿಟ್ಟದ್ದರಿಂದ.

ಬಿಡುವ ಮೊದಲು

ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ. ಈ ಹೆಜ್ಜೆಗಳನ್ನು ಇಡಿ.

ಮೊದಲು ದೇಹವನ್ನು ಪರೀಕ್ಷಿಸಿ. ಬಿಪಿ, ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್, ವಿಟಮಿನ್ ಬಿ12 ನೋಡಿಸಿ. ಆಯಾಸ, ಮರೆವು, ಬೇಸರಕ್ಕೆ ಇವೂ ಕಾರಣವಾಗಬಹುದು. ಥೈರಾಯ್ಡ್ ಕಡಿಮೆಯಿದ್ದವರು ಕೆಲಸ ಬದಲಿಸಿದರೆ ಆಯಾಸ ಹೋಗದು.

ಎರಡನೆಯದು, ಬರೆದಿಡಿ. ಯಾವ ದಿನ, ಯಾರು, ಯಾರೆದುರು, ಏನೆಂದರು. ಜೊತೆಗೆ ಆ ದಿನದ ನಿದ್ದೆ ಎಷ್ಟು, ತಲೆನೋವು ಇತ್ತೇ ಎಂಬುದನ್ನೂ. ಒಂದು ತಿಂಗಳ ಬಳಿಕ ಓದಿದರೆ ತೊಂದರೆ ಒಬ್ಬ ವ್ಯಕ್ತಿಯದ್ದೋ ಇಡೀ ಜಾಗದ್ದೋ ಎಂಬುದು ತಿಳಿಯುತ್ತದೆ. ಒಬ್ಬ ವ್ಯಕ್ತಿಯದ್ದಾದರೆ ವಿಭಾಗ ಬದಲಿಸಿಕೊಳ್ಳುವುದರಿಂದಲೇ ಸರಿಹೋಗಬಹುದು.

ಮೂರನೆಯದು, ಹೇಳಬೇಕಾದಲ್ಲಿ ಹೇಳಿ, ಲಿಖಿತವಾಗಿ ಹೇಳಿ. ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಜಾಗದಲ್ಲೂ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗವಾದರೆ, ಅಥವಾ ದೂರು ಮಾಲೀಕನ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆಯಾದ ಮೂರು ತಿಂಗಳೊಳಗೆ ಬರೆದುಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ದೂರುದಾರಳ ಹೆಸರು ಬಹಿರಂಗ ಮಾಡುವಂತಿಲ್ಲ. "ಮಾನ ಹೋಗುತ್ತದೆ" ಎಂದು ಮನೆಯವರು ಮಗಳನ್ನು ಸುಮ್ಮನಿರಿಸಬಾರದು. ಮಾನ ಹೋಗಬೇಕಾದದ್ದು ತಪ್ಪು ಮಾಡಿದವನದು.

ಕಾಯದೆ ಹೊರಬರಬೇಕಾದ ಸಂದರ್ಭಗಳೂ ಇವೆ. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ, ದೈಹಿಕ ಹಲ್ಲೆ ಅಥವಾ ಅದರ ಬೆದರಿಕೆ ಇದ್ದರೆ, ಅಪರಾಧಕ್ಕೆ ಸಹಿ ಹಾಕಿಸಲು ನೋಡುತ್ತಿದ್ದರೆ, ಎದೆನೋವು ಬಿಪಿ ಹತೋಟಿಗೆ ಬಾರದೆ ವೈದ್ಯರು ವಿಶ್ರಾಂತಿ ಹೇಳಿದ್ದರೆ, ಮೊದಲು ವೈದ್ಯಕೀಯ ರಜೆ ಪಡೆದು ಹೊರಗೆ ಬನ್ನಿ. ಉಳಿದ ಲೆಕ್ಕ ಆಮೇಲೆ.

ಮನೆಯ ಲೆಕ್ಕ

ಹಣದ ಚಿಂತೆಯೂ ಆರೋಗ್ಯ ಕೆಡಿಸುತ್ತದೆ. ಒಂದು ಬೆಂಕಿಯಿಂದ ಇನ್ನೊಂದಕ್ಕೆ ಬೀಳಬಾರದು. ಆದ್ದರಿಂದ ಸಾಧ್ಯವಿದ್ದರೆ ಆರು ತಿಂಗಳ ಮನೆಖರ್ಚು ಕೈಯಲ್ಲಿಟ್ಟುಕೊಳ್ಳಿ. ಬಾಡಿಗೆ, ಮಕ್ಕಳ ಫೀಸು, ಕಂತು, ಹೆತ್ತವರ ಔಷಧಿ ಇವುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕಡಿಮೆ ಮಾಡಬಹುದಾದದ್ದನ್ನು ಇನ್ನೊಂದು ಹಾಳೆಯಲ್ಲಿ ಬರೆಯಿರಿ. ಹೊಸ ಸಾಲ ಬೇಡ.

ಕಂಪೆನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಹೆತ್ತವರ ಹೆಸರೂ ಅದರಲ್ಲೇ ಇದ್ದರೆ, ಬಿಡುವ ಮೊದಲೇ ಸ್ವಂತ ಪಾಲಿಸಿ ಮಾಡಿಸಿ. ಗುಂಪು ವಿಮೆಯಿಂದ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಆಗುತ್ತದೆಯೇ ಎಂದು ವಿಮಾ ಕಂಪೆನಿಯನ್ನೇ ಕೇಳಿ. ಭವಿಷ್ಯ ನಿಧಿಯನ್ನು ಒಡೆಯಬೇಡಿ, ಹೊಸ ಕೆಲಸಕ್ಕೆ ವರ್ಗಾಯಿಸಿಕೊಳ್ಳಬಹುದು. ಐದು ವರ್ಷ ಸತತ ಸೇವೆ ಪೂರೈಸಿದ್ದರೆ ಗ್ರಾಚ್ಯುಟಿ ನಿಮ್ಮ ಹಕ್ಕು. ನಾಲ್ಕೂವರೆ ವರ್ಷವಾಗಿದ್ದರೆ, ತಡೆದುಕೊಳ್ಳುವ ಸ್ಥಿತಿ ಇದ್ದರೆ, ತಾರೀಖು ನೋಡಿಕೊಂಡು ಹೊರಡಿ. ನೋಟಿಸ್ ಅವಧಿ ಮುಗಿಸಿ, ಅನುಭವ ಪತ್ರ ಪಡೆದು, ಜಗಳವಿಲ್ಲದೆ ಬನ್ನಿ.

ಕೊಲ್ಲಿಯಲ್ಲಿರುವವರಿಗೆ ಇನ್ನೊಂದು ಮಾತು. ಅಲ್ಲಿ ವೀಸಾ ಮಾಲೀಕನ ಜೊತೆ ಕಟ್ಟಿಕೊಂಡಿರುವುದರಿಂದ ಬಿಡುವುದು ಇಲ್ಲಿಯಷ್ಟು ಸುಲಭವಲ್ಲ. ಕತಾರ್ 2020ರಲ್ಲಿ ಮತ್ತು ಸೌದಿ 2021ರಲ್ಲಿ ಕಾನೂನು ಸಡಿಲಿಸಿ, ನಿಯಮಗಳಿಗೊಳಪಟ್ಟು ಮಾಲೀಕನ ಒಪ್ಪಿಗೆಯಿಲ್ಲದೆಯೂ ಕೆಲಸ ಬದಲಿಸಲು ದಾರಿ ಮಾಡಿವೆ. ನಿಮಗೆ ಅದು ಅನ್ವಯಿಸುತ್ತದೆಯೇ ಎಂದು ವಿಚಾರಿಸಿಕೊಳ್ಳಿ. ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದಕ್ಕೆ ಅಲ್ಲಿನ ಕಾನೂನಿನಲ್ಲೂ ಅವಕಾಶವಿಲ್ಲ. ಆದರೆ ಹೇಳದೆ ಕೇಳದೆ ಹೊರಟುಹೋಗಬೇಡಿ. ಸೌದಿಯಲ್ಲಿ 'ಹುರೂಬ್' ದಾಖಲಾದರೆ ತೊಂದರೆ ದೊಡ್ಡದು. ಭಾರತೀಯ ದೂತಾವಾಸವನ್ನು ಸಂಪರ್ಕಿಸಿ. ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲೂ ದೂರು ದಾಖಲಿಸಬಹುದು.

ಮನೆಯವರು ಏನು ಮಾಡಬೇಕು?

"ಎಲ್ಲ ಕಡೆ ಹೀಗೇ ಇರುತ್ತದೆ, ಸ್ವಲ್ಪ ಸಹಿಸಿಕೋ" ಎಂಬುದು ನಾವು ಸುಲಭವಾಗಿ ಹೇಳುವ ಮಾತು. ಸಬ್ರ್ ದೊಡ್ಡ ಗುಣ, ನಿಜ. ಆದರೆ ಸಬ್ರ್ ಎಂದರೆ ಜುಲ್ಮನ್ನು ಮೌನವಾಗಿ ನುಂಗುತ್ತಾ ಇರುವುದಲ್ಲ. ದೇಹವೂ ಒಂದು ಅಮಾನತ್, ಅದನ್ನು ಕಾಯುವುದೂ ಹೊಣೆ. ಹಲಾಲ್ ದುಡಿಮೆಯ ದಾರಿ ಒಂದೇ ಕಂಪೆನಿಯ ಬಾಗಿಲಿನಿಂದ ಹೋಗುವುದಿಲ್ಲ.

ಹೆಂಡತಿ, ಗಂಡ, ಅಮ್ಮ, ಅಬ್ಬ, ಅತ್ತೆ ಯಾರೇ ಆಗಲಿ, ಮೊದಲು ಪೂರ್ತಿ ಕೇಳಿಸಿಕೊಳ್ಳಿ. ನಡುವೆ ಸಲಹೆ ಬೇಡ. "ಪಕ್ಕದ ಮನೆಯವನನ್ನು ನೋಡು" ಎಂಬುದಂತೂ ಬೇಡವೇ ಬೇಡ. ಆಮೇಲೆ ಲೆಕ್ಕದ ಹಾಳೆ ತೆಗೆದು ಒಟ್ಟಿಗೆ ಕೂರಿ. ಮಗನ ಸಂಬಳ ನಂಬಿ ಮನೆಯ ಮೇಲಂತಸ್ತು, ತಂಗಿಯ ಮದುವೆಯ ಹಾಲು, ಎಲ್ಲವನ್ನೂ ನಿಶ್ಚಯಿಸಿದ ಮನೆಗಳಲ್ಲಿ ಮಗ ಬಾಯಿ ಬಿಡುವುದೇ ಇಲ್ಲ. ಅವನ ಬಾಯಿ ಬಿಡಿಸುವ ಸುಲಭ ದಾರಿ ನಮ್ಮ ಪಟ್ಟಿಯನ್ನು ಸ್ವಲ್ಪ ಚಿಕ್ಕದು ಮಾಡಿಕೊಳ್ಳುವುದು.

ಬಿಟ್ಟ ಮೇಲೆ ಚೇತರಿಕೆ

ಕೆಲಸ ಬಿಟ್ಟ ಮಾರನೇ ದಿನವೇ ಎಲ್ಲವೂ ಸರಿಹೋಗುವುದಿಲ್ಲ. ಮೊದಲ ಕೆಲವು ವಾರ ಬರೀ ನಿದ್ದೆ, ಅಥವಾ ನಿದ್ದೆಯೇ ಇಲ್ಲ. ಕಾರಣವಿಲ್ಲದ ಸಿಟ್ಟು. ಫೋನ್ ಸದ್ದಾದರೆ ಎದೆ ಡವಗುಟ್ಟುವುದು. ಇದು ನಿಧಾನಕ್ಕೆ ಇಳಿಯುತ್ತದೆ. ಒಂದು ದಿನಚರಿ ಬೇಕು. ಫಜ್ರ್ ಆದ ಮೇಲೆ ಮತ್ತೆ ಹಾಸಿಗೆಗೆ ಹೋಗದೆ ಅರ್ಧ ಗಂಟೆ ನಡೆಯಿರಿ. ಮೂರು ಹೊತ್ತಿನ ಊಟ ಹೊತ್ತಿಗೆ ಸರಿಯಾಗಿ, ಮನೆಯವರ ಜೊತೆ ಕೂತು ಮಾಡಿ. ಮಧ್ಯಾಹ್ನ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದರೆ ಸಾಕು, ಎರಡು ಗಂಟೆ ಮಲಗಿದರೆ ರಾತ್ರಿಯ ನಿದ್ದೆ ಹೋಗುತ್ತದೆ. ಅಸರ್ ನಂತರ ಚಹಾ ಕಾಫಿ ಬಿಡಿ. ಮಲಗುವ ಮುನ್ನ ಬೆಚ್ಚಗಿನ ನೀರಿನ ಸ್ನಾನ, ಅಂಗಾಲಿಗೂ ನೆತ್ತಿಗೂ ಬಾದಾಮಿ ಎಣ್ಣೆಯ ಹಗುರ ಮಾಲೀಸು ಹಿತವಾಗುತ್ತದೆ.

ಔಷಧಿಯ ವಿಷಯದಲ್ಲಿ ಎಚ್ಚರಿಕೆ ಬೇಕು. ನಿದ್ದೆಗೆ, ಬಿಪಿಗೆ ಒಳ್ಳೆಯದೆಂದು ಯಾರೋ ಹೇಳಿದರೆಂದು ಅಸ್ರೋಲ್ ಅಂದರೆ ಸರ್ಪಗಂಧದ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವವರಿದ್ದಾರೆ. ಅದು ಬಿಪಿ ಇಳಿಸುವುದು ನಿಜ. ಆದರೆ ಖಿನ್ನತೆ ಇರುವವರಲ್ಲಿ ಅದು ಖಿನ್ನತೆಯನ್ನು ಹೆಚ್ಚಿಸಬಲ್ಲದು. ವೈದ್ಯರ ಮಾತಿಲ್ಲದೆ ಮುಟ್ಟಲೇಬೇಡಿ. ಖಮೀರಾಗಳು ಸಕ್ಕರೆ ಅಥವಾ ಜೇನಿನ ಪಾಕದಲ್ಲಿ ತಯಾರಾಗುವಂಥವು, ಮಧುಮೇಹಿಗಳು ಕೇಳದೆ ತಿನ್ನಬಾರದು. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಯುನಾನಿ ಶುರು ಮಾಡಿದೆವೆಂದು ತಾವಾಗಿಯೇ ನಿಲ್ಲಿಸುವುದೂ ಅಪಾಯ. ಎರಡೂ ಕಡೆಯ ವೈದ್ಯರಿಗೆ ಎಲ್ಲವನ್ನೂ ಹೇಳಿ.

ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕು ಬೇಡವೆನಿಸುತ್ತಿದ್ದರೆ, ನಾಚಿಕೆ ಪಡದೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ.

ಹೊಸ ಕೆಲಸ ಹುಡುಕುವಾಗ ಸಂಬಳದ ಜೊತೆಗೆ ಇನ್ನಷ್ಟು ಕೇಳಿ. ಈ ಹುದ್ದೆಯಲ್ಲಿ ಮೊದಲಿದ್ದವರು ಏಕೆ ಬಿಟ್ಟರು? ಸಂಜೆ ಎಷ್ಟು ಗಂಟೆಗೆ ಜನ ಮನೆಗೆ ಹೋಗುತ್ತಾರೆ? ನಮಾಝಿಗೆ ಹತ್ತು ನಿಮಿಷದ ಬಿಡುವು ಕೇಳಿದರೆ ಮುಖ ಹೇಗಾಗುತ್ತದೆ? ಸಾಧ್ಯವಾದರೆ ಅಲ್ಲಿ ದುಡಿಯುವ ಒಬ್ಬರ ಜೊತೆ ಹೊರಗೆ ಚಹಾ ಕುಡಿದು ಮಾತನಾಡಿ. ಆ ಕಾಲು ಗಂಟೆಯ ಮಾತುಕತೆ ಮುಂದಿನ ಹಲವು ವರ್ಷಗಳ ನಿದ್ದೆಯನ್ನು ಉಳಿಸೀತು.